ಅಪ್ಪನ ಫೋನಿನ ಮೆಸೇಜು ನನ್ನ ಫೋನಿಗೆ

ಪ್ರಶ್ನೆ: ಅಪ್ಪ ತೀರ್ಥಹಳ್ಳಿಯಲ್ಲಿದ್ದಾರೆ, ನಾನು ಪುಣೆಯಲ್ಲಿ. ಅವರಿಗೆ ಬರುವ ಬ್ಯಾಂಕಿನ ಎಸ್ಸೆಮ್ಮೆಸ್ ನನಗೆ ಫಾರ್ವರ್ಡ್ ಮಾಡುವುದು ಹೇಗೆ? ವಾಟ್ಸ್ಆಪ್‌ನ ಹಾಗೆ ಬಾಣದ ಗುರುತು ಕಾಣುತ್ತಿಲ್ಲ. ಎಲ್ಲವೂ ತಾನಾಗಿಯೇ ಬರುವ ಹಾಗೆ ಮಾಡಬಹುದೇ?

ಉತ್ತರ: ಗೂಗಲ್ ಮೆಸೇಜಸ್ ಆಪ್ ಇದ್ದರೆ ಸುಲಭ. ಆ ಮೆಸೇಜನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಲು ಅಪ್ಪನಿಗೆ ಹೇಳಿ. ಮೇಲೆ ಮೂರು ಚುಕ್ಕಿ ಕಾಣುತ್ತವೆ, ಅದರೊಳಗೆ ಫಾರ್ವರ್ಡ್ ಇದೆ. ನಿಮ್ಮ ಹೆಸರು ಆರಿಸಿ ಕಳಿಸಿದರೆ ಆಯಿತು.

ಆದರೆ ನಿಮಗೆ ತಲುಪುವುದು ಅಪ್ಪನ ನಂಬರಿನಿಂದ ಹೊರಟ ಹೊಸ ಮೆಸೇಜು. ಬ್ಯಾಂಕ್ ಕಳಿಸಿದ ಹೆಸರು, ಸಮಯ ಅದರಲ್ಲಿ ಇರುವುದಿಲ್ಲ. ಮುಂದೆ ದೂರು ಕೊಡುವ ಸಂದರ್ಭ ಬರಬಹುದು ಅನಿಸಿದರೆ ಸ್ಕ್ರೀನ್‌ಶಾಟ್ ತೆಗೆಸಿಕೊಳ್ಳಿ. ಇನ್ನೊಂದು ವಿಷಯ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡವಾದರೆ 70 ಮಾತ್ರ. ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ ಕನ್ನಡದ ಉದ್ದ ಮೆಸೇಜಿಗೆ ಖರ್ಚು ಜಾಸ್ತಿ.

ತಾನಾಗಿಯೇ ಬರುವ ವ್ಯವಸ್ಥೆ ಮಾತ್ರ ದಯವಿಟ್ಟು ಬೇಡ. ಅದಕ್ಕೆಂದು ಇರುವ ಆಪ್‌ಗಳು ಎಲ್ಲ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತವೆ. ಓಟಿಪಿ ಬರುವುದೂ ಅಲ್ಲಿಗೇ ಅಲ್ವಾ? ಮದುವೆ ಕರೆಯೋಲೆ, ದಂಡದ ಚಲನ್ ಎಂದು ವಾಟ್ಸ್ಆಪ್‌ಗೆ ಬರುವ ಎಪಿಕೆ ಫೈಲುಗಳು (ಫೋನಿಗೆ ಆಪ್ ಹಾಕುವ ಫೈಲುಗಳು) ಹಣ ದೋಚುವುದೂ ಇದೇ ದಾರಿಯಲ್ಲಿ. ಓಟಿಪಿಯನ್ನು ಕಳ್ಳರಿಗೆ ಸದ್ದಿಲ್ಲದೆ ಫಾರ್ವರ್ಡ್ ಮಾಡುತ್ತವೆ. ನನ್ನ ಅಮ್ಮನ ಫೋನಿನಲ್ಲಿ ಮೆಸೇಜ್ ಆಪ್ ಬಿಟ್ಟು ಬೇರೆ ಯಾವುದಕ್ಕೂ ಎಸ್ಸೆಮ್ಮೆಸ್ ಅನುಮತಿ ಕೊಟ್ಟಿಲ್ಲ. ಊರಿಗೆ ಹೋದಾಗ ಅಪ್ಪನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೀವೂ ನೋಡಿ. ಹಣ ಹೋಗಿದೆ ಎಂದು ಗೊತ್ತಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.