ಹಳೇ ಮಿಲಿಟರಿ ರೈಫಲ್ ಕತ್ತರಿಸಿ ಸ್ಪೋರ್ಟರ್ ಮಾಡಿಸಬಹುದಾ? ಮಾಡಿಸಿ ಕೈ ಸುಟ್ಟುಕೊಂಡವನ ಉತ್ತರ

ಮನೆತನದಿಂದ ಬಂದ ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೈನ್ಯದ ಹಳೇ ರೈಫಲ್) ಇದೆ, ಮರ ಕತ್ತರಿಸಿ ಹಗುರ ಮಾಡಿಸಿ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಹಾಕಿಸಿ ಸ್ಪೋರ್ಟರ್, ಅಂದರೆ ಶಿಕಾರಿಗೆ ಒಗ್ಗುವ ರೈಫಲ್, ಮಾಡಿಸಬೇಕು, ಗುರಿಯೂ ಚೆನ್ನಾಗಾಗುತ್ತದೆ, ಹೊಸದಕ್ಕಿಂತ ಅಗ್ಗವೂ ಆಗುತ್ತದೆ, ಗನ್‌ಸ್ಮಿತ್ ಹತ್ತಿರ ಮೊದಲು ಯಾವ ಕೆಲಸ ಮಾಡಿಸಲಿ ಅಂತ ಕೇಳಿದ್ದೀರಿ. ಓದಿ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಹನ್ನೊಂದು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಓಡಾಡಿದ್ದೆ. ಆಗ ಒಬ್ಬರೇ ಒಬ್ಬರು "ತಾಳಿ" ಅಂದರು. ನಾನು ತಾಳಲಿಲ್ಲ.

ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಒಬ್ಬ ಹಿರಿಯರಿದ್ದರು. ಅವರು ತೀರಿಕೊಂಡ ಮೇಲೆ ಮಗಳು ಅವರ ಬಂದೂಕುಗಳನ್ನು ಒಂದೊಂದಾಗಿ ಮಾರಿದರು. ನನಗೆ ಸಿಕ್ಕಿದ್ದು .303 ಬೋರಿನ, ನಂಬರ್ 4 ಅನ್ನುವ ಮಾದರಿಯ ಲೀ-ಎನ್‌ಫೀಲ್ಡ್. ಲೈಸೆನ್ಸಿನ ಓಡಾಟ ಎಲ್ಲ ಮುಗಿಸಿ ಮನೆಗೆ ತಂದು ಮೇಜಿನ ಮೇಲೆ ಇಟ್ಟು ನೋಡಿದೆ. ಏನೋ ಒಂಥರಾ ಇತ್ತು. ಕೆನ್ನೆ ತಾಗುವ ಕಡೆ ಮರದ ಮೇಲೆ ಇನ್ನೊಂದು ಮರದ ತುಂಡನ್ನು ತಿರುಪು ಹಾಕಿ ಕೂರಿಸಿದ್ದರು. ರಿಸೀವರಿನ (ನಳಿಗೆ ಸೇರುವ, ಬೋಲ್ಟ್ ಓಡಾಡುವ ಉಕ್ಕಿನ ಭಾಗ) ಎಡಗಡೆ ಎರಡು ಉಕ್ಕಿನ ಬಿಲ್ಲೆ. ಮುಂದಿನದಕ್ಕೆ ಮೂರು ತಿರುಪು, ಹಿಂದಿನದಕ್ಕೆ ಎರಡು. ಅವುಗಳ ಮೇಲೆ ಏನೂ ಇಲ್ಲ, ಸುಮ್ನೆ ಹೊರಗೆ ಉಬ್ಬಿಕೊಂಡಿದ್ದವು. ಮರದ ಕೆಳಗಡೆ "ಎಸ್ 51" ಅಂತ ಒತ್ತಿದ ಗುರುತು. ಹಿಡಿಯ ಮೇಲೆ ಒಂದಿಷ್ಟು ಅಂಕಿ.

ನನ್ನ ತಲೆಗೆ ಹೊಳೆದದ್ದು ಒಂದೇ. ಆ ಹಿರಿಯರು ಸ್ವಲ್ಪ ರಿಪೇರಿ ಹುಚ್ಚಿನವರು, ಮನೆಯಲ್ಲಿ ಕೂತು ಏನೋ ಅಂಟಿಸಿದ್ದಾರೆ. ಅಂಕಿಗಳು ಯಾವುದೋ ಉಗ್ರಾಣದ ಲೆಕ್ಕ ಇರಬೇಕು.

ಆಗ ನನ್ನ ತಲೆ ತುಂಬ ಸ್ಪೋರ್ಟರ್ ಹುಚ್ಚು. ಅದು ಕೆಟ್ಟ ಹುಚ್ಚೇನೂ ಅಲ್ಲ. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸೈನ್ಯದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲನ್ನೇ ಶಿಕಾರಿಗೆ ಬೇಕಾದ ಹಾಗೆ ಮಾಡಿಸಿಕೊಂಡಿದ್ದ, 1909ರಲ್ಲಿ ಆಫ್ರಿಕಾಕ್ಕೂ ಸ್ಪ್ರಿಂಗ್‌ಫೀಲ್ಡನ್ನು ಹೊತ್ತೊಯ್ದಿದ್ದ. ನ್ಯೂಯಾರ್ಕಿನಲ್ಲಿ 1923ರಲ್ಲಿ ಶುರುವಾದ ಗ್ರಿಫಿನ್ ಅಂಡ್ ಹೋವ್ ಹೆಸರು ಮಾಡಿದ್ದು ಇಂಥ ಸ್ಪ್ರಿಂಗ್‌ಫೀಲ್ಡುಗಳಿಂದಲೇ. ಗ್ರಿಫಿನ್ ಮೂಲತಃ ಮರಗೆಲಸದವನು, ಅದು ಆ ಸ್ಟಾಕುಗಳನ್ನು (ಬಂದೂಕಿನ ಮರದ ಭಾಗ) ನೋಡಿದರೆ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ರೈಫಲ್ಲುಗಳು ಹುಲ್ಲಿನ ಬೆಲೆಗೆ ಸಿಕ್ಕವು. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಲೀ-ಎನ್‌ಫೀಲ್ಡುಗಳ ಮರ ಕತ್ತರಿಸಿ ಸ್ಪೋರ್ಟರ್ ಅಂತ ಮಾರುತ್ತಿತ್ತು. ರಾಶಿ ಬಿದ್ದ ಸರಕು. ಒಂದನ್ನು ಕತ್ತರಿಸಿದರೆ ಯಾರೂ ಅಳುತ್ತಿರಲಿಲ್ಲ. ಆ ಕಾಲದ ಪುಸ್ತಕಗಳನ್ನು ಓದಿಕೊಂಡು ನಾನು ಈ ಕಾಲದಲ್ಲಿ ಅರ ಹಿಡಿದೆ ನೋಡಿ, ಅಲ್ಲೇ ಎಡವಟ್ಟು.

ಗನ್‌ಸ್ಮಿತ್ ವಯಸ್ಸಾದವರು, ಕೈ ತುಂಬ ಶುದ್ಧ. ನಾನು ಪಟ್ಟಿ ಹೇಳಿದೆ. ಮುಂದಿನ ಮರ ಅರ್ಧಕ್ಕೆ ಕತ್ತರಿಸಬೇಕು. ಮೇಲಿನ ಮರ, ಕಬ್ಬಿಣದ ಪಟ್ಟಿ ಎಲ್ಲ ಹೋಗಬೇಕು. ರಿಸೀವರಿನ ಮೇಲಿರುವ ಚಾರ್ಜರ್ ಸೇತುವೆ (ಐದೈದು ತೋಟಾ ಒಟ್ಟಿಗೆ ತುಂಬಲು ಕ್ಲಿಪ್ ಸಿಕ್ಕಿಸುವ ಜಾಗ) ಉಜ್ಜಿ ಹಾಕಬೇಕು, ಸ್ಕೋಪ್ ತಗ್ಗಿನಲ್ಲಿ ಕೂರಬೇಕಲ್ಲ. ತೂತು ಕೊರೆದು ಹೊಸ ಮೌಂಟ್ (ಸ್ಕೋಪನ್ನು ಹಿಡಿದಿಡುವ ಭಾಗ) ಹಾಕಬೇಕು. ಎಡಗಡೆಯ ಬಿಲ್ಲೆಗಳು ಬೇಡ. ನಳಿಗೆ ಮಾತ್ರ ಮುಟ್ಟಬೇಡಿ ಅಂದೆ, ಅದೊಂದು ಪುಣ್ಯ.

ಅವರು ಭೂತಗನ್ನಡಿ ತಗೊಂಡು ಬಿಲ್ಲೆ ನೋಡಿದರು. ತುಂಬ ಹೊತ್ತು ನೋಡಿದರು.

"ಸಾರ್, ಇದು ಮನೆಯಲ್ಲಿ ಮಾಡಿದ ಕೆಲಸ ಅಲ್ಲ. ತಿರುಪು ಬಿಚ್ಚಿಕೊಳ್ಳಬಾರದು ಅಂತ ತಲೆಯ ಅಂಚನ್ನ ಉಳಿಯಿಂದ ಒತ್ತಿದ್ದಾರೆ ನೋಡಿ. ಗೊತ್ತಿದ್ದೋರು ಮಾಡಿರೋದು. ಒಂದೆರಡು ದಿನ ತಾಳಿ, ಯಾರನ್ನಾದರೂ ಕೇಳೋಣ."

"ಅಯ್ಯೋ ಯಜಮಾನ್ರೇ, ಯಾರನ್ನ ಕೇಳೋದು? ಎಲ್ಲ ಕ್ಲೀನಾಗಿ ತೆಗೆದುಬಿಡಿ."

ಈ ಒಂದು ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮರ ಕತ್ತರಿಸಿದ್ದು ತಪ್ಪು ಅಂತ ಜನ ಅಂದುಕೊಳ್ಳುತ್ತಾರೆ. ಮರ ಹೋದರೆ ಇನ್ನೊಂದು ಮರ ಹುಡುಕಬಹುದು. ಸೇತುವೆ ಉಜ್ಜಿದ್ದಕ್ಕಿಂತಲೂ, ತೂತು ಕೊರೆದದ್ದಕ್ಕಿಂತಲೂ ದೊಡ್ಡ ತಪ್ಪು ಇದು: ನನಗೆ ಅರ್ಥವಾಗದ ಭಾಗವನ್ನು ನಾನು ಕಸ ಅಂತ ತೀರ್ಮಾನ ಮಾಡಿದೆ. ಕೈಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ ಎದುರಿಗೆ ನಿಂತು ಇದು ಕಸ ಅಲ್ಲ ಅಂತ ಹೇಳುತ್ತಿದ್ದಾನೆ. ನನಗೆ ಮುಂದಿನ ವಾರದ ಶೂಟಿಂಗಿಗೆ ರೈಫಲ್ ಬೇಕಿತ್ತು. ಎರಡು ದಿನ! ಎರಡು ದಿನ ಕಾಯಲಿಲ್ಲ. ಒಂದು ಫೋಟೋ ತೆಗೆದು ನಾಲ್ಕು ಜನಕ್ಕೆ ತೋರಿಸಿದ್ದರೆ ಸಾಕಿತ್ತು, ಐದು ನಿಮಿಷದಲ್ಲಿ ಯಾರಾದರೂ ಬೈದು ಫೋನ್ ಮಾಡುತ್ತಿದ್ದರು. ಸಾಲದ್ದಕ್ಕೆ ಹಿಂದಿನ ಮರವನ್ನು ನಾನೇ ಮನೆಗೆ ತಂದು, ಕೆನ್ನೆಯ ತುಂಡು ಕಿತ್ತು, ಎರಡು ಭಾನುವಾರ ಕೂತು ಉಪ್ಪುಕಾಗದ ಹಾಕಿ ಉಜ್ಜಿದೆ. ಹಿಡಿಯ ಮೇಲಿನ ಅಂಕಿಗಳು ಆಳವಾಗಿದ್ದವು, ಹೋಗಲೊಲ್ಲವು. ದಪ್ಪ ಕಾಗದ ತಂದು ಮತ್ತೂ ಉಜ್ಜಿದೆ. ಹೋದ ಮೇಲೆ ಅಗಸೆ ಎಣ್ಣೆ ಹಚ್ಚಿ ಬೀಗಿದೆ. ಹೆಂಡತಿಗೆ ಕರೆದು ತೋರಿಸಿದೆ ಬೇರೆ.

ಗುಂಡು ಹೊಡೆದು ನೋಡಿದಾಗ ಮೊದಲ ಏಟು. ಮೊದಲಿಗಿಂತ ಕೆಟ್ಟದಾಗಿ ಬಿತ್ತು. ತೋಟಾ ಬದಲಿಸಿದೆ, ಸ್ಕೋಪ್ ಬದಲಿಸಿದೆ, ಉಹೂಂ. ಕಾರಣ ಆಮೇಲೆ ತಿಳಿಯಿತು. ನಂಬರ್ 4ರ ನಳಿಗೆ ತೆಳು. ಮುಂದಿನ ಮರದ ತುದಿ ಅದನ್ನು ಕೆಳಗಿನಿಂದ ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಹಿಂಭಾಗದಲ್ಲಿ ಮರ ರಿಸೀವರಿಗೆ ಬಿಗಿಯಾಗಿ ಕಚ್ಚಿರಬೇಕು. ಈ ಎರಡೂ ಸರಿ ಇದ್ದರೆ ಗುಂಡು ಪ್ರತಿಸಲ ಒಂದೇ ಕಡೆ ಹೋಗುತ್ತದೆ. ನಾವು ಭಾರ ಅಂತ ಕತ್ತರಿಸಿ ಎಸೆದ ಮರವೇ ಆ ಕೆಲಸ ಮಾಡುತ್ತಿತ್ತು. ಅಂದ ಹಾಗೆ, ಸ್ಪೋರ್ಟರ್ ಮಾಡಿಸಿದರೆ ಗುರಿ ಚೆನ್ನಾಗಾಗುತ್ತದೆ ಅಂತ ನೀವು ಬರೆದಿದ್ದೀರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಹಗುರ ಆಗುತ್ತದೆ ಅಷ್ಟೇ.

ಎರಡು ವರ್ಷ ಆದ ಮೇಲೆ ರೇಂಜಿನಲ್ಲಿ ಒಬ್ಬರು ಪಕ್ಕದಲ್ಲಿ ಬಂದು ನಿಂತರು. ಹಳೇ ಎನ್‌ಫೀಲ್ಡುಗಳನ್ನೇ ಕೂಡಿಡುವವರು. ರೈಫಲ್ ಕೇಳಿ ಕೈಗೆ ತಗೊಂಡರು. ಹಿಡಿ ಸೇರುವ ಉಕ್ಕಿನ ಎಡಭಾಗಕ್ಕೆ ಹೆಬ್ಬೆರಳು ಸವರಿ ಬೆಳಕಿಗೆ ಓರೆಯಾಗಿ ಹಿಡಿದರು. ಅಲ್ಲಿ ಚಿಕ್ಕದಾಗಿ "ಟಿ ಆರ್" ಅಂತ ಇತ್ತು. ಪಾಲಿಷ್ ಮಾಡಿದರೂ ಮಸುಕಾಗಿ ಉಳಿದುಬಿಟ್ಟಿತ್ತು.

"ಸ್ವಾಮಿ, ಇಲ್ಲಿ ಎರಡು ಬಿಲ್ಲೆ ಇದ್ದವಲ್ಲ, ಏನಾದವು?"

ನಾನು ಹೇಳಿದೆ. ಅವರು ರೈಫಲ್ಲನ್ನು ಮೆಲ್ಲಗೆ ಕೆಳಗಿಟ್ಟು ಟೀ ಕುಡಿಯಲು ಹೋದರು. ವಾಪಸ್ ಬಂದ ಮೇಲೆ ಪೂರ್ತಿ ಬಿಡಿಸಿ ಹೇಳಿದರು.

ಅದು ನಂಬರ್ 4 (ಟಿ). ಯುದ್ಧಕಾಲದ ಸ್ನೈಪರ್ ರೈಫಲ್. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವಾಗ ಯಾವ ರೈಫಲ್ ಎಲ್ಲಕ್ಕಿಂತ ಚೆನ್ನಾಗಿ ಹೊಡೆಯುತ್ತದೋ ಅದನ್ನು ಆರಿಸಿ ಪಕ್ಕಕ್ಕಿಟ್ಟು "ಟಿ ಆರ್" ಹೊಡೆಯುತ್ತಿದ್ದರು. ಅಲ್ಲಿಂದ ಅವು ಹಾಲಂಡ್ ಅಂಡ್ ಹಾಲಂಡ್‌ಗೆ ಹೋಗುತ್ತಿದ್ದವು. ಹೌದು, ರಾಜ ಮಹಾರಾಜರಿಗೆ ಜೋಡು ನಳಿಗೆ ಮಾಡಿಕೊಡುತ್ತಿದ್ದ ಅದೇ ಲಂಡನ್ ಕಂಪನಿ. 1942ರಿಂದ ಅವರು ಇಂಥ 20 ಸಾವಿರಕ್ಕೂ ಹೆಚ್ಚು ರೈಫಲ್ಲುಗಳನ್ನು ಬದಲಾಯಿಸಿಕೊಟ್ಟರು. ಬಿಲ್ಲೆ ಕೂರಿಸಿ, ಮರವನ್ನು ಹೊಂದಿಸಿ, ಕೆನ್ನೆಗೆ ತುಂಡು ಹಾಕಿ, ನಂಬರ್ 32 ಸ್ಕೋಪಿಗೆ ಜೋಡಿ ಮಾಡುತ್ತಿದ್ದರು. ಆ ಸ್ಕೋಪನ್ನು ಮೊದಲು ಯೋಚಿಸಿದ್ದು ಬ್ರೆನ್ ಅನ್ನುವ ಮೆಷಿನ್ ಗನ್ನಿಗೆ. "ಎಸ್ 51" ಅಂದರೆ ಹಾಲಂಡಿನವರ ಸಂಕೇತ. ಹಿಡಿಯ ಮೇಲಿನ ಅಂಕಿ ಆ ರೈಫಲ್ಲಿಗೆ ಜೋಡಿಯಾದ ಸ್ಕೋಪಿನ ನಂಬರ್.

ಅಂದರೆ ನಾನು ಹಣ ಕೊಟ್ಟು ಮಾಡಿಸಿದ್ದು ಏನು? ಜಗತ್ತಿನ ಒಳ್ಳೇ ಗನ್‌ಸ್ಮಿತ್‌ಗಳು ಮಾಡಿದ ಮಾರ್ಪಾಡನ್ನು ಕಿತ್ತುಹಾಕಿಸಿ ಅದರ ಮೇಲೆ ನನ್ನ ಮಾರ್ಪಾಡು.

ಇದಾಗಿ ಕೆಲವು ತಿಂಗಳಿಗೆ ಆ ಹಿರಿಯರ ಮಗಳು ಫೋನ್ ಮಾಡಿದರು. "ಅಟ್ಟ ಖಾಲಿ ಮಾಡ್ತಾ ಇದ್ದೀವಿ, ಅಪ್ಪನದು ಒಂದು ತಗಡಿನ ಡಬ್ಬಿ ಇದೆ, ದುರ್ಬೀನಿನ ಥರ ಇದೆ ಒಳಗೆ, ನಿಮಗೆ ಬೇಕಾ ಅಣ್ಣಾ?" ಹೋದೆ. ಸ್ಕೋಪ್ ಬ್ರಾಕೆಟ್ಟಿನ ಸಮೇತ ಇತ್ತು. ಬ್ರಾಕೆಟ್ಟಿನ ಮೇಲೆ ರೈಫಲ್ಲಿನ ನಂಬರ್ ಹೊಡೆದಿರುತ್ತಾರೆ. ಓದಿ ನೋಡಿದೆ. ನನ್ನದೇ ನಂಬರ್. ಅವರು ಚಹಾ ಕೊಟ್ಟರು, ನಾನು ಏನು ಮಾತಾಡಿದೆನೋ ನೆನಪಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಸ್ಟಾಕ್ ಮೊದಲಾ ಸ್ಕೋಪ್ ಮೊದಲಾ ಅನ್ನುವ ಪ್ರಶ್ನೆಯೇ ಬೇಡ. ಪೂರ್ತಿಯಾಗಿ ಉಳಿದಿರುವ ಮಿಲಿಟರಿ ರೈಫಲ್ಲನ್ನು ಕತ್ತರಿಸಬೇಡಿ. ಹೊಸ ರೈಫಲ್ಲಿಗಿಂತ ಅಗ್ಗ ಆಗುತ್ತದೆ ಅಂದಿದ್ದೀರಿ, ಆಗುವುದಿಲ್ಲ. ಕೂಲಿ, ಮೌಂಟ್, ಸ್ಟಾಕ್, ಬಣ್ಣ ಎಲ್ಲ ಸೇರಿಸಿ ಬರೆದುಕೊಳ್ಳಿ, ರೈಫಲ್ ಕಳೆದುಕೊಳ್ಳುವ ಬೆಲೆಯನ್ನೂ ಅದಕ್ಕೆ ಕೂಡಿಸಿ.

ಇದಕ್ಕೆ ಒಬ್ಬರು ನನ್ನ ಜೊತೆ ವಾದಕ್ಕೆ ಬಂದಿದ್ದರು. ಸೈನ್ಯದವರೇ ಬದಲಾಯಿಸಿಲ್ಲವಾ ಅಂತ. ಬದಲಾಯಿಸಿದ್ದಾರೆ, ನಿಜ. 1857ರ ಕಾಡತೂಸಿನ ಗಲಾಟೆಯ ಎನ್‌ಫೀಲ್ಡ್ ಬಂದೂಕು ಗೊತ್ತಲ್ಲ, ಅದೇ ಮಾದರಿಯ ಹಿಂಭಾಗ ಕತ್ತರಿಸಿ 1866ರ ನಂತರ ಸ್ನೈಡರ್ ಮಾಡಿದರು, ಬಾಯಿಂದ ತುಂಬುತ್ತಿದ್ದದ್ದು ಹಿಂದಿನಿಂದ ತುಂಬುವಂತಾಯಿತು. ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆಯಲ್ಲಿ .303 ರೈಫಲ್ಲುಗಳನ್ನು .410 ಬೋರಿನ ಒಂಟಿ ತೋಟಾ ಮಸ್ಕೆಟ್ ಮಾಡಿ ಪಹರೆಯವರಿಗೆ ಕೊಟ್ಟರು. ನನ್ನದರ ಅಣ್ಣತಮ್ಮಂದಿರನ್ನೇ 1970ರ ದಶಕದಲ್ಲಿ 7.62 ಮಿ.ಮೀ.ನ ದಪ್ಪ ನಳಿಗೆ ಹಾಕಿ ಎಲ್42ಎ1 ಅನ್ನುವ ಸ್ನೈಪರ್ ರೈಫಲ್ ಮಾಡಿದರು. ಆದರೆ ಅವರ ಹತ್ತಿರ ನಕ್ಷೆ ಇತ್ತು, ಅಳತೆ ಇತ್ತು, ಯಾಕೆ ಮಾಡುತ್ತಿದ್ದೇವೆ ಅಂತ ಗೊತ್ತಿತ್ತು. ನನ್ನ ಹತ್ತಿರ ಇದ್ದದ್ದು ಉಪ್ಪುಕಾಗದ.

ಕೈ ತುರಿಸುತ್ತಿದ್ದರೆ ಒಂದು ದಾರಿ ಇದೆ. ಬೇರೆಯವರು ಆಗಲೇ ಕತ್ತರಿಸಿ ಹಾಳು ಮಾಡಿದ ರೈಫಲ್ ಹುಡುಕಿ. ಬೇಕಾದಷ್ಟಿವೆ, ಯಾರಿಗೂ ಬೇಡ. ಅದರ ಮೇಲೆ ಒಳ್ಳೇ ಸ್ಟಾಕ್ ಹಾಕಿಸಿ, ಖುಷಿಪಡಿ, ನಾನೂ ಬಂದು ಬೆನ್ನು ತಟ್ಟುತ್ತೇನೆ. ಆದರೆ ಒಳಗಿನ ಉಕ್ಕು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1903 ರೈಫಲ್ಲುಗಳಲ್ಲಿ 8,00,000ಕ್ಕಿಂತ ಕೆಳಗಿನ ನಂಬರಿನವು ಇದ್ದರೆ ಗೋಡೆಗೆ ತೂಗುಹಾಕಿ. ಆಗಿನ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಕಣ್ಣಿನಿಂದ ನೋಡಿ ಶಾಖ ಹೇಳುತ್ತಿದ್ದರು. ಬಿಸಿಲಿನ ದಿನ ಒಂದು ಥರ ಕಾಣುತ್ತದೆ, ಮೋಡದ ದಿನ ಇನ್ನೊಂದು ಥರ. ಕೆಲವು ರಿಸೀವರುಗಳು ಗಾಜಿನ ಹಾಗೆ ಪೆಡಸಾಗಿ ಒಡೆದವು. 1918ರಲ್ಲಿ ವಿಧಾನ ಬದಲಾಯಿಸಿದರು.

ರೈಫಲ್ಲನ್ನು ಬೇರೆ ಅಳತೆಯ ತೋಟಾಕ್ಕೆ ಬದಲಾಯಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ ಅಂತಲೇ ನನ್ನ ಅಭಿಪ್ರಾಯ. ಅದು ಕಾನೂನಿನ ಕಾಟಕ್ಕೆ ಹುಟ್ಟಿದ ಅಭ್ಯಾಸ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಲ್ಲಿ ಮಿಲಿಟರಿ ತೋಟಾಕ್ಕೆ ನಿರ್ಬಂಧ ಇದ್ದಾಗ ಜನ .303 ತೋಟಾದ ಕುತ್ತಿಗೆ ಸಣ್ಣ ಮಾಡಿ .303/25 ಅನ್ನುವ ಬೇರೆ ತೋಟಾ ಮಾಡಿಕೊಂಡರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಅಂಥ ಕಟ್ಟುಪಾಡು ಇಲ್ಲದಿದ್ದರೆ ಯಾಕೆ ಬೇಕು? ಲೈಸೆನ್ಸಿನಲ್ಲಿ ಬರೆದ ಬೋರ್ ಒಂದು, ಕೈಯಲ್ಲಿರುವುದು ಇನ್ನೊಂದು ಆದರೆ ತಲೆನೋವು ನಿಮಗೇ.

ಸ್ಕೋಪ್ ಬೇಕೇ ಬೇಕು ಅಂದರೆ, ತೂತು ಕೊರೆಯದೆ, ರೈಫಲ್ಲಿನಲ್ಲಿ ಮೊದಲೇ ಇರುವ ತಿರುಪಿಗೇ ಕಚ್ಚಿಕೊಳ್ಳುವ ಮೌಂಟುಗಳು ನಂಬರ್ 4ಕ್ಕೆ ಸಿಗುತ್ತವೆ. ಬಿಚ್ಚಿದರೆ ಮೊದಲಿನಂತೆ. ಅವು ಅಷ್ಟೇನೂ ಗಟ್ಟಿಯಲ್ಲ, ಗೊತ್ತು.

ನನ್ನ ರೈಫಲ್ ಈಗಲೂ ಇದೆ. ಸ್ಕೋಪ್ ಡಬ್ಬಿ ಅದರ ಪಕ್ಕದಲ್ಲೇ ಬೀರುವಿನಲ್ಲಿದೆ. ಎರಡನ್ನೂ ಜೋಡಿಸಲು ಆಗುವುದಿಲ್ಲ, ಬಿಲ್ಲೆ ಇದ್ದ ಜಾಗ ಉಜ್ಜಿ ನುಣ್ಣಗಾಗಿದೆ. ಮತ್ತೆ ಬಿಲ್ಲೆ ಹಾಕಿಸಿ ಅಂತ ಕೆಲವರು ಹೇಳುತ್ತಾರೆ. ಆ ಗನ್‌ಸ್ಮಿತ್ ಯಜಮಾನ್ರಿಗೆ ಈಗ ಕಣ್ಣು ಮಂಜು. ಬೇರೆಯವರ ಕೈಗೆ ಕೊಡಲು ನನಗೆ ಧೈರ್ಯವಿಲ್ಲ.

ನೀವು ಇವತ್ತು ಮಾಡಬೇಕಾದ್ದು ಇಷ್ಟು. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ರಿಸೀವರಿನ ಎಡಭಾಗ, ಹಿಡಿ ಸೇರುವ ಉಕ್ಕು, ಬೋಲ್ಟಿನ ಹಿಡಿ, ಮರದ ಕೆಳಭಾಗ, ಇವುಗಳ ಫೋಟೋ ತೆಗೆಯಿರಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಎಣ್ಣೆ ಬಟ್ಟೆ ಬಿಟ್ಟು ಬೇರೇನೂ ಅದರ ಮೇಲೆ ಆಡಿಸಬೇಡಿ. ನಂಬರಿನ ಕೊನೆಯ ಮೂರು ಅಂಕಿ ಮುಚ್ಚಿ ಇಲ್ಲೇ ಕೆಳಗೆ ಹಾಕಿ. ನಾನು ನೋಡುತ್ತೇನೆ, ನನಗಿಂತ ಗೊತ್ತಿರುವವರೂ ಇಲ್ಲಿದ್ದಾರೆ. ನೀವು ಕೂಡಾ ಎರಡು ದಿನ ತಾಳಿ.