ಚಾರ್ಜ್ ಒಂದೇ, ಕನ್ನಡ ಹಲವು

ಇಂಗ್ಲಿಷ್ ಸುದ್ದಿ ಅನುವಾದಿಸುವಾಗ ‘ಚಾರ್ಜ್’ ಬಂದಲ್ಲೆಲ್ಲ ‘ಆರೋಪ’ ಅಂತ ಬರೆದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯಲ್ಲ. ಹೊಸ ಅಧಿಕಾರಿ ಚಾರ್ಜ್ ತಗೊಂಡರೆ ಅಧಿಕಾರ ಸ್ವೀಕಾರ. ಇನ್‌ಚಾರ್ಜ್ ಆದರೆ ಪ್ರಭಾರಿ, ಅದೇ ಮಂತ್ರಿಯಾದರೆ ಜಿಲ್ಲಾ ಉಸ್ತುವಾರಿ. ಬ್ಯಾಂಕಿನವರದು ಶುಲ್ಕ. ಲಾಠಿ ಚಾರ್ಜ್‌ಗೆ ಲಾಠಿ ಪ್ರಹಾರ ಅನ್ನೋ ರೂಢಿ ಇದೆ, ಹಾಗೇ ಬಿಟ್ಟರೂ ಓದುಗರಿಗೆ ಗೊತ್ತಾಗುತ್ತೆ.

ಎಡವೋದು ಕೋರ್ಟ್ ಸುದ್ದಿಯಲ್ಲಿ. ಪೊಲೀಸರು ತನಿಖೆ ಮುಗಿಸಿ ಸಲ್ಲಿಸೋದು ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. ಚಾರ್ಜ್ ‘ಫ್ರೇಮ್’ ಮಾಡೋದು ನ್ಯಾಯಾಲಯ. ಅದು ಆರೋಪ ನಿಗದಿ, ಸಾಕ್ಷಿಗಳ ವಿಚಾರಣೆ ಅದಾದ ಮೇಲೆ. ‘ಪೊಲೀಸರು ಆರೋಪ ನಿಗದಿ ಮಾಡಿದರು’ ಅಂತ ಬರೆದರೆ ಭಾಷೆಯಲ್ಲ, ಸುದ್ದಿಯೇ ತಪ್ಪು. ಬರೀ ಎಫ್‌ಐಆರ್ ಆಗಿದ್ದರಂತೂ ‘ದೋಷಾರೋಪ’ ಪದವನ್ನೇ ಮುಟ್ಟಬೇಡಿ.