ಅಪ್ಪನ .32 ಪಿಸ್ತೂಲಿಗೆ ಯಾವ ಕಾಡತೂಸು?

ಸಕಲೇಶಪುರದ ಸ್ನೇಹಿತರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂದೆಯವರ .32 ಪಿಸ್ತೂಲು ಈಗ ನಿಮ್ಮ ಪರವಾನಗಿಗೆ ಬಂದಿದೆ. ಗುರಿ ಅಭ್ಯಾಸದ ರೇಂಜಿನಲ್ಲಿ ಹತ್ತು ಸುತ್ತು ಹಾರಿಸಿದಾಗ ಎರಡು ಸಿಕ್ಕಿಕೊಂಡವು, ಒಂದು ಸಿಡಿಯಲೇ ಇಲ್ಲ. ವಿದೇಶಿ ಟೊಳ್ಳುಮೂತಿಯ (ಮೂತಿಯಲ್ಲಿ ಗುಳಿಯಿದ್ದು, ತಗುಲಿದಾಗ ಅರಳುವ ಗುಂಡಿನ) ಕಾಡತೂಸು ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದಾರೆ. ನನ್ನ ಉತ್ತರ: ಸದ್ಯಕ್ಕೆ ಬೇಡ. ಆ ದುಡ್ಡಿನ ಒಂದು ಪಾಲಿನಲ್ಲಿ ಮೊದಲು ಮ್ಯಾಗಜೀನಿನ (ಹಿಡಿಯೊಳಗೆ ಕಾಡತೂಸು ತುಂಬುವ ಗೂಡಿನ) ಸ್ಪ್ರಿಂಗ್ ಬದಲಾಯಿಸಿ.

ಅದಕ್ಕೂ ಮುಂಚೆ ಡ್ರಾಯರಿನಲ್ಲಿ ಸಿಕ್ಕಿತೆಂದು ನೀವು ಬರೆದ ಹಳೆಯ ಕಾಡತೂಸಿನ ಪೆಟ್ಟಿಗೆಯ ಮೇಲೇನು ಬರೆದಿದೆ ಎಂದು ನೋಡಿ. ನಮ್ಮ ದೇಶದಲ್ಲಿ .32 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾಡತೂಸುಗಳು ಓಡಾಡುತ್ತವೆ. ರಿವಾಲ್ವರಿನದು ಸ್ಮಿತ್ ಅಂಡ್ ವೆಸನ್ ಲಾಂಗ್. ಉದ್ದದ ಕೋಶ (ಗುಂಡನ್ನು ಹಿಡಿದಿರುವ ಹಿತ್ತಾಳೆ ಕೊಳವೆ), ಬುಡದಲ್ಲಿ ಅಗಲವಾದ ಅಂಚು. ಪಿಸ್ತೂಲಿನದು .32 ಎಸಿಪಿ, ಅಂದರೆ 7.65 ಮಿ.ಮೀ. ಬ್ರೌನಿಂಗ್, ಕೋಶ 17 ಮಿ.ಮೀ., ಗುಂಡು ಸೇರಿದರೆ ಸುಮಾರು 25 ಮಿ.ಮೀ. ಅಂಗಡಿಯಲ್ಲಿ ಬರೀ ‘ಮೂವತ್ತೆರಡು’ ಎಂದು ಕೇಳಿದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. 7.65 ಎಂದು ಬಾಯಿಬಿಟ್ಟು ಹೇಳಿ, ಬಿಲ್ಲಿನಲ್ಲೂ ಬರೆಸಿ.

ಈಗ ಸಿಕ್ಕಿಕೊಳ್ಳುವ ವಿಷಯ. ಈ 7.65 ಕಾಡತೂಸನ್ನು ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದಾಗ ಬುಡಕ್ಕೆ ಅರೆಬರೆ ಅಂಚು ಉಳಿಸಿದ. ಉಗುರಿನಿಂದ ಸವರಿದರೆ ಮಾತ್ರ ಗೊತ್ತಾಗುವಷ್ಟು ಅಂಚು. ತೊಂದರೆಗೆ ಅಷ್ಟೇ ಸಾಕು. ಮ್ಯಾಗಜೀನಿನಲ್ಲಿ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಕೊಂಡಿ ಹಾಕಿಕೊಂಡು ನಿಲ್ಲುತ್ತವೆ. ಆಮೇಲೆ ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗವನ್ನು) ಎಷ್ಟು ಎಳೆದರೂ ಮೇಲಿನದು ಮುಂದಕ್ಕೆ ಹೋಗುವುದಿಲ್ಲ. ಪೂರ್ತಿ ತಾಮ್ರದ ಹೊದಿಕೆಯ ಉರುಟುಮೂತಿಯ, 71 ಗ್ರೇನ್ ತೂಕದ ಗುಂಡಿನ ಕಾಡತೂಸು ಮ್ಯಾಗಜೀನಿನ ಉದ್ದಕ್ಕೆ ಸರಿಯಾಗಿ ಕೂರುವುದರಿಂದ ಹಿಂದೆ ಮುಂದೆ ಜಾರಲು ಅದಕ್ಕೆ ಜಾಗವಿಲ್ಲ. ಟೊಳ್ಳುಮೂತಿಯದು ಸಾಮಾನ್ಯವಾಗಿ ಒಂದೆರಡು ಮಿಲಿಮೀಟರು ಗಿಡ್ಡ. ಕೊಂಡಿ ಬೀಳುವುದೇ ಆ ಸಂದಿನಲ್ಲಿ. ಅಂಗಡಿಯವರು ಹೇಳಿದ ಮದ್ದು ನಿಮ್ಮ ಕಾಯಿಲೆಯನ್ನೇ ಹೆಚ್ಚಿಸಬಹುದು!

ಇದಕ್ಕೂ ಅಪವಾದವಿದೆ. ಅಮೆರಿಕದ ಸೀಕ್ಯಾಂಪ್ ಎಂಬ ಪುಟಾಣಿ .32 ಪಿಸ್ತೂಲನ್ನು 60 ಗ್ರೇನಿನ ಗಿಡ್ಡ ಟೊಳ್ಳುಮೂತಿಗೆಂದೇ ಕಟ್ಟಿದ್ದಾರೆ. ಉದ್ದದ ಉರುಟುಮೂತಿ ಅದಕ್ಕೆ ಹಿಡಿಸುವುದಿಲ್ಲ. ಹಾಗಾಗಿ ನಿಮ್ಮ ಪಿಸ್ತೂಲಿನ ಮ್ಯಾಗಜೀನು ಯಾವ ಅಳತೆಯದೆಂದು ತಿಳಿದೇ ಕೊಳ್ಳಬೇಕು. ನೀವು ಹಾಕಿದ ಚಿತ್ರ ನೋಡಿದರೆ ನಿಮ್ಮದು ಹಳೆಯ ಯುರೋಪಿನ ಮಾದರಿ, ಉರುಟುಮೂತಿಗೆ ಮಾಡಿದ್ದು.

‘ಟೊಳ್ಳುಮೂತಿ ಇಲ್ಲದಿದ್ದರೆ ಬಲ ಸಾಲದಲ್ಲವೇ’ ಎಂದು ಕೇಳಿದ್ದೀರಿ. .32ರ ಒಟ್ಟು ಶಕ್ತಿಯೇ 175 ಜೌಲ್ ಆಸುಪಾಸು. ಅಷ್ಟರಲ್ಲಿ ಗುಂಡು ಅರಳಿದರೆ ಆಳಕ್ಕೆ ಹೋಗುವುದಿಲ್ಲ, ಅರಳದಿದ್ದರೆ ಉರುಟುಮೂತಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಈ ಗಾತ್ರದ ಆಯುಧದಲ್ಲಿ ಎಣಿಕೆಗೆ ಬರುವುದು ಪ್ರತಿ ಸಲ ಸಿಡಿಯುವುದು ಒಂದೇ. ಅಂದಹಾಗೆ, ತೋಟಕ್ಕೆ ನುಗ್ಗುವ ಹಂದಿಗೆ ಇದನ್ನು ನೆನೆಯಲೂ ಬೇಡಿ. ಕಾನೂನಿನ ಮಾತು ಹಾಗಿರಲಿ, ಗಾಯಗೊಂಡ ಹಂದಿಯ ಎದುರು ನಿಲ್ಲುವವರು ನೀವೇ.

ಅಮೆರಿಕದವರ ಬರಹಗಳಲ್ಲಿ ‘ಇನ್ನೂರು ಸುತ್ತು ತೊಡಕಿಲ್ಲದೆ ಹಾರಿಸಿದ ಮೇಲೆ ಆ ಕಾಡತೂಸನ್ನು ನಂಬಿ’ ಎಂಬ ಮಾತು ಓದಿರುತ್ತೀರಿ. ಅವರಿಗೆ ಸರಿ. ನಮ್ಮ ಪರವಾನಗಿಯಲ್ಲಿ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಬರೆದೇ ಇರುತ್ತದೆ. ಪರೀಕ್ಷೆಗೇ ಎಲ್ಲವನ್ನೂ ಸುರಿಯಲಾಗದು. ನಾನು ಮಾಡುವುದು ಇಷ್ಟು: ಪುಣೆಯ ಖಡಕಿ ಮದ್ದುಗುಂಡು ಕಾರ್ಖಾನೆಯ, ಬುಡದಲ್ಲಿ ಕೆಎಫ್ ಮುದ್ರೆಯಿರುವ ಉರುಟುಮೂತಿಯನ್ನೇ, ಒಂದೇ ಲಾಟ್ ಸಂಖ್ಯೆಯ (ಒಟ್ಟಿಗೆ ತಯಾರಾದ) ಪೆಟ್ಟಿಗೆಗಳಲ್ಲಿ ಕೊಳ್ಳುತ್ತೇನೆ. ಪ್ರತಿ ಪೆಟ್ಟಿಗೆಯಿಂದ ಹತ್ತನ್ನು ರೇಂಜಿನಲ್ಲಿ ಹಾರಿಸುತ್ತೇನೆ. ಹತ್ತೂ ಹೋದರೆ ಉಳಿದವು ಮನೆಗೆ, ಒಂದು ತಪ್ಪಿದರೂ ಉಳಿದವು ಅಭ್ಯಾಸಕ್ಕೆ. ಖಾಲಿ ಕೋಶಗಳನ್ನು ಎತ್ತಿಡಿ, ಕೆಲವು ಕಡೆ ಹೊಸದು ಕೊಳ್ಳುವಾಗ ಕೇಳುತ್ತಾರೆ.

ಸಿಡಿಯದ ಆ ಒಂದು ಕಾಡತೂಸಿಗೆ ಬರೋಣ. ಪಿಸ್ತೂಲಿನ ಕುದುರೆ (ಹಿಂದಿನ ಸುತ್ತಿಗೆ) ಬಿದ್ದೂ ಸದ್ದು ಬಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಸಿಡಿಯುವುದುಂಟು. ಸದ್ದು ಸಪ್ಪೆಯಾಗಿ ಬಂದರಂತೂ ಇನ್ನೊಂದನ್ನು ಹಾರಿಸಲೇಬಾರದು: ಗುಂಡು ನಳಿಗೆಯೊಳಗೇ ಕುಳಿತಿರಬಹುದು. ಹೊರತೆಗೆದ ಮೇಲೆ ಕೇಪಿನ (ಬುಡದ ನಡುವಿನ ಸಿಡಿಮದ್ದಿನ ಬಿಲ್ಲೆಯ) ಮೇಲಿನ ಗುರುತು ನೋಡಿ. ಏಟು ಆಳವಾಗಿ ಬಿದ್ದಿದ್ದರೆ ಬಹುತೇಕ ತಪ್ಪು ಕಾಡತೂಸಿನದು. ಉಗುರು ಊರಿದಷ್ಟೇ ಇದ್ದರೆ ಪಿಸ್ತೂಲಿನದು: ಕುದುರೆಯ ಸ್ಪ್ರಿಂಗ್ ಸೋತಿರುತ್ತದೆ, ಇಲ್ಲವೇ ಕೇಪಿಗೆ ಬಡಿಯುವ ಪಿನ್ನಿನ ದಾರಿಯಲ್ಲಿ ಹಳೆಯ ಎಣ್ಣೆ ಅಂಟಾಗಿರುತ್ತದೆ. ಚುನಾವಣೆ ಕಾಲಕ್ಕೆಂದು ಠಾಣೆಯಲ್ಲಿ ಠೇವಣಿ ಇಟ್ಟು ವಾಪಸು ತಂದ ಪಿಸ್ತೂಲಿನಲ್ಲಿ ನನಗೆ ಇದೇ ಆಗಿತ್ತು. ಪಾಪದ ಕಾಡತೂಸನ್ನು ಎರಡು ತಿಂಗಳು ಬೈದಿದ್ದೆ.

ಇನ್ನೊಂದು ತಪ್ಪು ನನ್ನದೇ. ಹಲವು ವರ್ಷ ಪಿಸ್ತೂಲನ್ನು ರಾತ್ರಿ ತುಂಬಿ ಬೆಳಿಗ್ಗೆ ಖಾಲಿ ಮಾಡುತ್ತಿದ್ದೆ. ಪ್ರತಿ ಸಲವೂ ಅದೇ ಕಾಡತೂಸು ಮೇಲೆ. ನಳಿಗೆಯೊಳಕ್ಕೆ ನುಗ್ಗುವಾಗ ಮೂತಿಗೆ ಬೀಳುವ ಪೆಟ್ಟಿನಿಂದ ಗುಂಡು ಚೂರುಚೂರೇ ಕೋಶದೊಳಕ್ಕೆ ಕುಸಿಯುತ್ತದೆ. ಹಾಗೆ ಕುಸಿದದ್ದನ್ನು ಹಾರಿಸಿದರೆ ಒಳಗಿನ ಒತ್ತಡ ಅಳತೆ ಮೀರಿ ಏರುತ್ತದೆ. ಒಂದು ದಿನ ಹೊಸದರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಕಣ್ಣಿಗೇ ಕಾಣುವಷ್ಟು ಗಿಡ್ಡವಾಗಿತ್ತು. ಈಗ ಮೇಲಿನದನ್ನು ಎರಡು ಸಲಕ್ಕಿಂತ ಹೆಚ್ಚು ಬಳಸುವುದಿಲ್ಲ.

ನಮ್ಮ ಮಳೆಗಾಲದಲ್ಲಿ ಚರ್ಮದ ಪಟ್ಟಿಯಲ್ಲಿ ಕಾಡತೂಸು ಇಡಬೇಡಿ. ಜೂನ್‌ನಲ್ಲಿ ಇಟ್ಟದ್ದು ದಸರಾಕ್ಕೆ ತೆಗೆದರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬೀಗ ಹಾಕಿದ ಕಪಾಟು ಸಾಕು. ಹೊಳಪಿಗೆಂದು ಎಣ್ಣೆ ಸವರಬೇಡಿ, ಕೇಪಿನ ಸಂದಿಯಲ್ಲಿ ಇಳಿದು ಮದ್ದು ಕೆಡುತ್ತದೆ. ತಂದೆಯವರ ಕಾಲದ ಕಿಲುಬು ಹಿಡಿದವನ್ನು ಉಜ್ಜಿ ಬಳಸುವುದೂ ಬೇಡ, ಕೆರೆಗೆ ಎಸೆಯುವುದೂ ಬೇಡ. ಪರವಾನಗಿ ಇರುವ ಅಂಗಡಿಗೆ ಒಪ್ಪಿಸಿ ಚೀಟಿ ಪಡೆಯಿರಿ.

 

ಸಕಲೇಶಪುರದವರೇ, ಆ ಸಿಡಿಯದ ಕಾಡತೂಸು ಇನ್ನೂ ನಿಮ್ಮ ಬಳಿ ಇದ್ದರೆ ಬುಡದ ಚಿತ್ರ ಹಾಕಿ, ಏಟು ನೋಡಿ ಹೇಳುತ್ತೇನೆ. ಚಿತ್ರದಲ್ಲಿ ಪಿಸ್ತೂಲಿನ ಸಂಖ್ಯೆ ಬರದಂತೆ ನೋಡಿಕೊಳ್ಳಿ, ಕಳೆದ ಸಲ ಪೂರ್ತಿ ಕಾಣುತ್ತಿತ್ತು.